ಎರಡನೇ ವಾಕ್ಯದಲ್ಲಿ ನಿಂತ ಪೆನ್ನು

ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. ಶಾಲಾ ಪ್ರವಾಸಕ್ಕೆ ದುಡ್ಡು ಕೇಳಿ ಅಪ್ಪನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು. ಎಲ್ಲ ನೋಟ್‌ಬುಕ್ಕಿನಲ್ಲೂ ಅದೇ ಪತ್ರ. ‘ಐ ಆಮ್ ಫೈನ್ ಹಿಯರ್, ಹೋಪ್ ಯು ಆರ್ ಆಲ್ಸೋ ಫೈನ್ ದೇರ್.’ ಬರೆದವರು ಹಾಸ್ಟೆಲಿನವರಲ್ಲ, ರಾತ್ರಿ ಅಪ್ಪನ ಪಕ್ಕದಲ್ಲೇ ಚಾಪೆ ಹಾಸಿ ಮಲಗೋ ಮಕ್ಕಳು. ಒಬ್ಬ ಹುಡುಗ ಕೊನೆಯಲ್ಲಿ ಹೀಗೆ ಸಹಿ ಮಾಡಿದ್ದ: ‘ಯುವರ್ ಲವಿಂಗ್ ಸನ್/ಡಾಟರ್, ಕಿರಣ್/ಕಾವ್ಯ.’ ನಡುವಿನ ಓರೆ ಗೀಟಿನ ಸಮೇತ.

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಎಲ್ಲರೂ ನಕ್ಕರು. ಮನೆಗೆ ಬಂದು ಪಾತ್ರೆ ತೊಳೆಯುವಾಗ ತಟ್ಟನೆ ಹೊಳೆಯಿತು. ಅವನು ಗೈಡ್ ನೋಡಿ ಬರೆದದ್ದಲ್ಲ. ಬೋರ್ಡ್ ನೋಡಿ ಬರೆದದ್ದು. ಬೋರ್ಡಿನ ಮೇಲೆ ಆ ಗೀಟು ಹಾಕಿದ್ದು ನಾನೇ.

ಇದು 2021ರ ಆಗಸ್ಟ್ ಕೊನೆಯ ಮಾತು. ಕೋವಿಡ್ ಕಳೆದು ಶಾಲೆ ಬಾಗಿಲು ತೆರೆದು ಒಂದು ವಾರವಾಗಿತ್ತು ಅಷ್ಟೆ. ಅದರ ಹಿಂದಿನ ತಿಂಗಳು ಎಸ್ಎಸ್ಎಲ್‌ಸಿ ಪರೀಕ್ಷೆ ಎರಡೇ ದಿನದಲ್ಲಿ ಮುಗಿದಿತ್ತು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ. 22ಕ್ಕೆ ಭಾಷೆಗಳು. ಎಲ್ಲ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆಯಲ್ಲಿ ಸುತ್ತು ತುಂಬಿಸೋದು. ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಬರೆಯದೆ ಇಡೀ ಒಂದು ಬ್ಯಾಚು ಹತ್ತನೇ ಕ್ಲಾಸು ದಾಟಿಬಿಟ್ಟಿತು. ಅವರ ಹಿಂದೆ ಬಂದ ಮಕ್ಕಳಿಗೋ ಪೆನ್ನು ಹಿಡಿಯೋದೇ ಮರೆತುಹೋಗಿತ್ತು. ಚಂದನ ಟೀವಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ನೋಡಿದವರು ನೋಡಿದರು. ಬರೆಸಿದವರು ಮಾತ್ರ ಯಾರೂ ಇಲ್ಲ.

ನಾನಿರೋದು ಪಾವಗಡ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಜಿಲ್ಲೆ ತುಮಕೂರು, ಆದರೆ ಮೂರು ಕಡೆಯೂ ಆಂಧ್ರ. ನಮ್ಮ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅನ್ನೋದು ಪುಸ್ತಕದಲ್ಲಿ ಮಾತ್ರ. ಪಟ್ಟಿಯಲ್ಲಿ ಅದು ‘ದ್ವಿತೀಯ ಭಾಷೆ’. ನಿಜವಾಗಿ ಎಷ್ಟನೆಯದು ಅಂತ ನೀವೇ ಲೆಕ್ಕ ಹಾಕಿ.

ಆ ತಿಂಗಳು ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ಆನ್‌ಲೈನ್ ತರಬೇತಿ ಇತ್ತು. ಮುಗಿದ ಮೇಲೂ ಲಿಂಕ್ ಬಂದ್ ಆಗಿರಲಿಲ್ಲ. ಹಾಜರಿ ಹಾಕಿ ಎಲ್ಲರೂ ಹೊರಟರು, ನಾಲ್ಕು ಜನ ಉಳಿದುಕೊಂಡೆವು. ನಾನು ಆ ಓರೆ ಗೀಟಿನ ಕಥೆ ಹೇಳಿದೆ. ಯಾರೂ ನಗಲಿಲ್ಲ. ಕೊಪ್ಪಳದ ಕಡೆಯ ಒಬ್ಬ ಸರ್, ‘ನಮ್ಮಲ್ಲೂ ಹಂಗ ಐತ್ರಿ ಮೇಡಂ. ನಾನೂ ಬೋರ್ಡ್ ಮ್ಯಾಲೆ ಬರಿಯಾಂವ, ಅವ್ರು ಇಳಿಸಿಕೊಳ್ಳಾವ್ರು’ ಅಂದರು. ಆವತ್ತು ಮಾತು ಮುಗಿದಾಗ ರಾತ್ರಿ ಹತ್ತೂವರೆ. ಮರುದಿನ ವಾಟ್ಸಾಪ್ ಗ್ರೂಪ್ ಆಯ್ತು. ನನ್ನ ಫೋನಿನಲ್ಲಿ ಈಗಲೂ ಅವರ ಹೆಸರು ಕೊಪ್ಪಳ ಸರ್, ಶಿರಸಿ ಮೇಡಂ, ಚಾಮರಾಜನಗರ ಸರ್ ಅಂತಲೇ ಇದೆ. ಅವರ ಫೋನಲ್ಲಿ ನಾನು ಪಾವಗಡ ಮೇಡಂ.

ಕ್ಲಾಸನ್ನು ಫ್ಲಿಪ್ ಮಾಡೋ ವಿಚಾರ ತಂದವರು ಕೊಪ್ಪಳ ಸರ್. ಅಮೆರಿಕದ ಕೊಲರಾಡೊದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಅಂತ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರು. ಅವರದು ವುಡ್‌ಲ್ಯಾಂಡ್ ಪಾರ್ಕ್ ಅನ್ನೋ ಸಣ್ಣ ಊರಿನ ಹೈಸ್ಕೂಲು. ಮಕ್ಕಳು ಆಟದ ಪಂದ್ಯ ಅಂತ ಬಸ್ ಹತ್ತಿ ದೂರ ಹೋಗಿ ಕ್ಲಾಸು ತಪ್ಪಿಸಿಕೊಳ್ಳುತ್ತಿದ್ದರು. 2007ರಲ್ಲಿ ಇವರು ತಮ್ಮ ಪಾಠವನ್ನು ರೆಕಾರ್ಡ್ ಮಾಡಿ ಕೊಡೋಕೆ ಶುರು ಮಾಡಿದರು. ಆಮೇಲೆ ಇನ್ನೊಂದು ಹೊಳೆಯಿತು: ಪಾಠವನ್ನು ಎಲ್ಲರೂ ಮನೆಯಲ್ಲೇ ನೋಡಿ ಬರಲಿ, ಮನೆಗೆಲಸ ಅಂತ ಕೊಡುತ್ತಿದ್ದದ್ದನ್ನು ಕ್ಲಾಸಿನಲ್ಲಿ ಮಾಡಿಸೋಣ. ಮಕ್ಕಳು ಸಿಕ್ಕಿಹಾಕಿಕೊಳ್ಳೋದು ಲೆಕ್ಕ ಮಾಡುವಾಗ. ಆಗ ಮೇಷ್ಟ್ರು ಪಕ್ಕದಲ್ಲಿರಬೇಕು, ಅಲ್ವಾ?

‘ರೊಟ್ಟಿ ಮಗುಚಿ ಹಾಕಿದಂಗ್ರಿ’ ಅಂದರು ಕೊಪ್ಪಳ ಸರ್. ಆಗಿನಿಂದ ನಮ್ಮ ಗ್ರೂಪಿನಲ್ಲಿ ಅದಕ್ಕೆ ಮಗುಚೋದು ಅಂತಲೇ ಹೆಸರು. ‘ಈ ವಾರ ಮಗುಚಿದ್ರಾ?’ ‘ಇಲ್ಲ, ಹೊತ್ತಿತು.’

ನಮ್ಮ ಮಕ್ಕಳು ಪಂದ್ಯಕ್ಕೆ ಹೋಗಿ ಕ್ಲಾಸು ತಪ್ಪಿಸೋದಿಲ್ಲ. ಕಡ್ಲೆಕಾಯಿ ಕೀಳೋಕೆ ಹೋಗ್ತಾರೆ. ಅದೊಂದು ಬಿಟ್ಟರೆ ಕಥೆ ಒಂದೇ ಅನಿಸಿತು. ಮೊದಲ ತಿಂಗಳಲ್ಲೇ ಗೊತ್ತಾಯ್ತು, ಒಂದಲ್ಲ ಅಂತ.

ಮೊದಲನೇ ವಿಡಿಯೋ ನಾನೇ ಮಾಡಿದೆ. ಹದಿನಾಲ್ಕು ನಿಮಿಷ. ಇಸ್ತ್ರಿ ಮಾಡಿದ ಸೀರೆ, ಹಿಂದೆ ಬೋರ್ಡು, ‘ಹಲೋ ಡಿಯರ್ ಸ್ಟೂಡೆಂಟ್ಸ್’ ಅಂತ ಶುರು. ಎಡಗಡೆ ವಿಳಾಸ, ದಿನಾಂಕ, ಸಂಬೋಧನೆ, ಒಡಲು, ಮುಕ್ತಾಯ, ಎಲ್ಲ ಹೇಳಿದೆ. ಹನ್ನೊಂದನೇ ನಿಮಿಷಕ್ಕೆ ಪಕ್ಕದ ಮನೆ ಮೇಕೆ ಕೂಗಿತು, ಅದನ್ನೂ ತೆಗೆಯೋಕೆ ಬರಲಿಲ್ಲ. ಫೈಲು ನೂರು ಎಂಬಿಗಿಂತ ದೊಡ್ಡದಾಯ್ತು. ಮಾರನೇ ದಿನ ಯಾರ್ಯಾರು ನೋಡಿದ್ರಿ ಅಂದೆ. ಕೈ ಎತ್ತಿದ್ದು ಒಂಬತ್ತು ಮಕ್ಕಳು. ಏನು ನೋಡಿದ್ರಿ ಅಂದೆ. ‘ಮೇಕೆ ಮಿಸ್’ ಅಂದ ಒಬ್ಬ. ಪರವಾಗಿಲ್ಲ, ಹನ್ನೊಂದು ನಿಮಿಷವಾದರೂ ನೋಡಿದ್ದಾನಲ್ಲ ಅಂದುಕೊಂಡೆ. ಇಲ್ಲ, ಆ ಜಾಗಕ್ಕೆ ಎಳೆದು ನೋಡಿದ್ದನಂತೆ. ಅಷ್ಟೊತ್ತಿಗೆ ಇಡೀ ಊರಿಗೆ ಗೊತ್ತಾಗಿತ್ತು.

ಫೋನಿನ ವಿಷಯ ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. ಮನೆಯಲ್ಲಿ ಫೋನ್ ಇದೆ ಅಂದರೆ ಮಗುವಿನ ಕೈಗೆ ಸಿಗುತ್ತೆ ಅಂತಲ್ಲ. ಅದು ಅಣ್ಣನ ಫೋನು, ಅಣ್ಣ ಬೆಂಗಳೂರಿನಲ್ಲಿ. ಅಪ್ಪನದಾದರೆ ಅಪ್ಪನ ಜೊತೆ ಹೊಲಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತೆ, ಬರುವಾಗ ಚಾರ್ಜ್ ಇರಲ್ಲ. ಹುಡುಗಿಯರಿಗಂತೂ ರಾತ್ರಿ ಫೋನು ಕೊಡೋದೇ ಇಲ್ಲ. ಶಿರಸಿ ಮೇಡಂದು ಬೇರೆ ಗೋಳು. ‘ಇಲ್ಲಿ ಮಳೆ ಹೊಡೆದ್ರೆ ಕರೆಂಟಿಲ್ಲ, ಕರೆಂಟ್ ಇಲ್ದಿದ್ರೆ ಟವರಿಲ್ಲ ಮಾರಾಯ್ರೆ. ಗುಡ್ಡ ಹತ್ತಿ ಈ ಮೆಸೇಜ್ ಕಳಿಸ್ತಿದ್ದೇನೆ’ ಅಂತ ಧ್ವನಿ ಸಂದೇಶ ಬರುತ್ತಿತ್ತು, ಹಿಂದೆ ಜಿರಿಜಿರಿ ಮಳೆ ಸದ್ದು.

ಹಾಗಾಗಿ ಎರಡು ತೀರ್ಮಾನ ಆಯ್ತು. ವಿಡಿಯೋ ನಾಲ್ಕು ನಿಮಿಷ ಮೀರಬಾರದು, ಅದರಲ್ಲಿ ಒಂದೇ ವಿಷಯ ಇರಬೇಕು. ಜೊತೆಗೆ ಅದೇ ವಿಷಯದ ಅರ್ಧ ಹಾಳೆ ಝೆರಾಕ್ಸ್, ಎಲ್ಲ ಮಕ್ಕಳಿಗೂ. ಫೋನ್ ಇಲ್ಲದವರು ಹಾಳೆ ಓದಿ ಬರಲಿ, ಸಾಲದಿದ್ದರೆ ಬಿಸಿಯೂಟ ಮುಗಿಸಿ ಶಾಲೆಯ ಟೀವಿಗೆ ಪೆನ್‌ಡ್ರೈವ್ ಹಾಕಿ ನೋಡಲಿ. ನಿಜ ಹೇಳಬೇಕಂದರೆ ವಿಡಿಯೋಗಿಂತ ಆ ಅರ್ಧ ಹಾಳೆಯೇ ಜಾಸ್ತಿ ಕೆಲಸ ಮಾಡಿತು. ಝೆರಾಕ್ಸ್ ಅಂಗಡಿಯವನು ಇದನ್ನು ಕೇಳಿದರೆ ಖುಷಿಪಡ್ತಾನೆ.

ಆದರೆ ಆ ನಾಲ್ಕು ನಿಮಿಷದಲ್ಲಿ ಏನು ಹೇಳೋದು? ಇಲ್ಲಿ ಜಗಳ ಶುರುವಾಯ್ತು. ಕೆಮಿಸ್ಟ್ರಿಯಲ್ಲಿ ಮನೆಗೆ ಕಳಿಸೋಕೆ ಪಾಠ ಅಂತ ಒಂದಿದೆ. ಪತ್ರ ಬರೆಯೋದರಲ್ಲಿ ಪಾಠ ಯಾವುದು? ವಿಳಾಸ ಎಲ್ಲಿ ಬರೀಬೇಕು ಅನ್ನೋದು ಎರಡು ನಿಮಿಷದ ಮಾತು. ಉಳಿದದ್ದೆಲ್ಲ ಕೆಲಸ. ಚಾಮರಾಜನಗರ ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬರಿಯೋದ ತೋರುಸ್ಬುಡವ ಮೇಡಂ. ಮಾತಾಡದೇ ಬ್ಯಾಡ’ ಅಂದರು.

ಅದೇ ಆಯ್ತು. ಎರಡು ಸ್ಟೀಲ್ ಡಬ್ಬ, ಮೇಲೆ ಮರದ ಸ್ಕೇಲು, ಸ್ಕೇಲಿನ ಮೇಲೆ ಫೋನು ಬೋರಲು. ಕೆಳಗೆ ಬಿಳಿ ಹಾಳೆ. ಕಾಣೋದು ಕೈ ಮಾತ್ರ. ನಾನು ‘ಡಿಯರ್ ಫಾದರ್’ ಅಂತ ಬರೆದು ನಿಲ್ಲಿಸಿ, ಕನ್ನಡದಲ್ಲಿ ಯೋಚನೆ ಮಾಡುತ್ತಾ ಹೋದೆ. ‘ಈಗ ಏನು ಬರೀಲಿ? ಅಪ್ಪ ಚೆನ್ನಾಗಿದಾರೆ ಅಂತ ನಂಗೆ ಗೊತ್ತು. ನಾನು ಚೆನ್ನಾಗಿದೀನಿ ಅಂತ ಅವ್ರಿಗೂ ಗೊತ್ತು. ಅವ್ರಿಗೆ ಗೊತ್ತಿಲ್ಲದ್ದು ಏನು? ನಮ್ಮ ಕ್ಲಾಸಲ್ಲಿ ಎಲ್ಲರೂ ದುಡ್ಡು ಕೊಟ್ಟಾಯ್ತು, ನಾನೊಬ್ಬಳೇ ಬಾಕಿ ಅನ್ನೋದು.’ ಅದನ್ನು ಇಂಗ್ಲಿಷಿನಲ್ಲಿ ಬರೆದೆ. ಸರಿ ಬರಲಿಲ್ಲ, ಹೊಡೆದು ಹಾಕಿದೆ. ಮತ್ತೆ ಬರೆದೆ. ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಎರಡೇ ವಾಕ್ಯ, ನಾಲ್ಕು ಕಡೆ ಹೊಡೆದು ಹಾಕಿದ್ದು.

ಮರುದಿನ ಒಬ್ಬ ಹುಡುಗಿ ಬಂದು ಕೇಳಿದಳು. ‘ಮಿಸ್, ನಿಮಗೂ ತಪ್ಪಾಗುತ್ತಾ?’ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ನನ್ನ ಅಕ್ಷರ ಯಾವತ್ತೂ ಮುತ್ತು ಜೋಡಿಸಿದ ಹಾಗೆ. ನಾನು ಹೊಡೆದು ಹಾಕಿದ್ದನ್ನು ಆ ಮಕ್ಕಳು ನೋಡಿಯೇ ಇರಲಿಲ್ಲ.

ತಪ್ಪಿನ ಮಾತು ಬಂತಲ್ಲ, ನಮ್ಮ ಕಥೆಯನ್ನೂ ಹೇಳಿಬಿಡ್ತೀನಿ. ವಿಡಿಯೋಗೂ ಅರ್ಧ ಹಾಳೆಗೂ ಬೇಕಾದ್ದನ್ನು ನಾಲ್ವರೂ ಒಂದೇ ಗೂಗಲ್ ಡಾಕ್‌ನಲ್ಲಿ ಬರೆಯೋಣ ಅಂತ ಆಗಿತ್ತು. ಲಿಂಕ್ ಹಾಕಿದ್ದಾಯ್ತು. ಮೂರು ದಿನ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ತೆರೆದು ನೋಡಿದರೆ ಮೇಲ್ಗಡೆ ಮೂರು ಬಣ್ಣದ ಗುಂಡು ಕಾಣೋದು. ಎಲ್ಲರೂ ಒಳಗೆ ಬಂದು ಕೂತಿದ್ದಾರೆ, ಬರೀ ನೋಡ್ತಿದ್ದಾರೆ. ಇಂಗ್ಲಿಷ್ ಮೇಷ್ಟ್ರುಗಳು ಒಬ್ಬರ ಎದುರು ಒಬ್ಬರು ಇಂಗ್ಲಿಷ್ ಬರೆಯೋದು ಅಂದರೆ ಅದರಂಥ ಹೆದರಿಕೆ ಇನ್ನೊಂದಿಲ್ಲ.

ನಾಲ್ಕನೇ ದಿನ ನಾನೇ ಧೈರ್ಯ ಮಾಡಿ ಒಂದು ಪ್ಯಾರಾ ಬರೆದೆ. ‘ಡಿಸ್ಕಸ್ ಅಬೌಟ್ ಯುವರ್ ಫ್ಯಾಮಿಲಿ ವಿತ್ ಯುವರ್ ಪಾರ್ಟ್ನರ್’ ಅಂತ ಒಂದು ವಾಕ್ಯ ಅದರಲ್ಲಿ. ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಶಿರಸಿ ಮೇಡಂ ಟಿಪ್ಪಣಿ: ‘ಡಿಸ್ಕಸ್ ಸಾಕು ಅನ್ನಿಸ್ತದೆ, ಅಬೌಟ್ ಬೇಡ. ನೋಡಿ ಒಮ್ಮೆ.’ ಮೈ ಉರಿಯಿತು. ಡಿಕ್ಷನರಿ ತೆಗೆದೆ. ಅವರು ಹೇಳಿದ್ದೇ ಸರಿ. ಹನ್ನೊಂದು ವರ್ಷ ಎಷ್ಟು ಮಕ್ಕಳಿಗೆ ಆ ‘ಅಬೌಟ್’ ಕಲಿಸಿದ್ದೆನೋ. ಎರಡು ದಿನ ಗ್ರೂಪಿನಲ್ಲಿ ಮಾತಾಡಲಿಲ್ಲ. ಮೂರನೇ ದಿನ ‘ಥ್ಯಾಂಕ್ಸ್ ಮೇಡಂ’ ಅಂತ ಬರೆದೆ. ಅವರು ಅಡಿಕೆ ಸಿಪ್ಪೆಯ ರಾಶಿ ಪಕ್ಕ ಕೂತ ಬೆಕ್ಕಿನ ಫೋಟೋ ಕಳಿಸಿದರು. ಅಲ್ಲಿಗೆ ಮುಗೀತು.

ಚಾಮರಾಜನಗರ ಸರ್ ಒಂದು ರಾತ್ರಿ ಫೋನ್ ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಮೇಡಂ, ಬಿ.ಎಡ್ ಮುಗ್ದ ಮ್ಯಾಲ ನಾನು ಇಂಗ್ಲಿಷ್‌ನಲ್ಲಿ ಸ್ವಂತವಾಗಿ ಒಂದು ಪುಟ ಬರ್ದಿಲ್ಲ. ರಜಾ ಚೀಟಿ ಬುಟ್ರ ಏನೂ ಇಲ್ಲ.’ ನನ್ನದೂ ಅದೇ ಕಥೆ. ಬೆಂಗಳೂರಿನ ಜ್ಞಾನಭಾರತಿಯ ಇಂಗ್ಲಿಷ್ ತರಬೇತಿ ಸಂಸ್ಥೆಯಲ್ಲಿ 30 ದಿನ ಇದ್ದು ಬಂದವಳು ನಾನು. ಮೊದಲು ಯೋಚನೆ, ಆಮೇಲೆ ಕರಡು, ಆಮೇಲೆ ತಿದ್ದುಪಡಿ ಅಂತ ಚಾರ್ಟ್ ಎಲ್ಲ ಬರೆದು ತಂದಿದ್ದೆ. ಆ ಚಾರ್ಟ್ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ಆಗ ಒಂದು ನಿಯಮ ಮಾಡಿಕೊಂಡೆವು. ಮಕ್ಕಳಿಗೆ ಏನೇ ಬರೆಯೋಕೆ ಕೊಡಲಿ, ಅದಕ್ಕೆ ಮುಂಚೆ ನಾಲ್ವರೂ ಅದೇ ವಿಷಯದ ಮೇಲೆ 20 ನಿಮಿಷ ಬರೆಯಬೇಕು, ಡಾಕ್‌ನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಭಾನುವಾರ ರಾತ್ರಿ ಒಂಬತ್ತಕ್ಕೆ. ಎಲ್ಲಿ ನಿಂತೆವು, ಯಾಕೆ ನಿಂತೆವು ಅಂತ ಆಮೇಲೆ ಗೂಗಲ್ ಮೀಟ್‌ನಲ್ಲಿ ಮಾತು. ಆ ನಿಂತ ಜಾಗವೇ ಮುಂದಿನ ವಿಡಿಯೋ.

ಕ್ಲಾಸಿಗೆ ಬರೋಣ. ಪೀರಿಯಡ್ 40 ನಿಮಿಷ. ಮೊದಲ ಐದು ನಿಮಿಷ ಹಾಳೆಯಲ್ಲಿ ಏನಿತ್ತು ಅಂತ ಅವರೇ ಹೇಳಬೇಕು. ಓದದೆ ಬಂದವರಿಗೆ ಪಕ್ಕದವರು ಹೇಳಬೇಕು. ಆಮೇಲೆ ಬರವಣಿಗೆ. ನಾನು ಬೋರ್ಡ್ ಮುಟ್ಟೋದಿಲ್ಲ, ಬೆಂಚಿಂದ ಬೆಂಚಿಗೆ ಓಡಾಡ್ತೀನಿ. ಮೊದಮೊದಲು ಕೈಗೆ ಏನು ಕೆಲಸ ಅಂತಲೇ ತಿಳೀತಿರಲಿಲ್ಲ. ಚಾಕ್‌ಪೀಸ್ ಹಿಡಕೊಂಡೇ ಓಡಾಡುತ್ತಿದ್ದೆ.

ಓಡಾಡಿದ ಮೇಲೆ ಕಂಡದ್ದು ಇದು. ಹೆಚ್ಚುಕಮ್ಮಿ ಎಲ್ಲ ಪೆನ್ನೂ ಒಂದೇ ಜಾಗದಲ್ಲಿ ನಿಲ್ಲುತ್ತೆ. ಮೊದಲ ವಾಕ್ಯ ಬಾಯಿಪಾಠದ್ದು, ಸರಾಗ ಬರುತ್ತೆ. ಎರಡನೇ ವಾಕ್ಯದಲ್ಲಿ ನಿಂತುಬಿಡುತ್ತೆ. ಇಷ್ಟು ವರ್ಷ ಅದು ನಿಂತಿದ್ದು ಅವರವರ ಮನೆಯಲ್ಲಿ, ಬಲ್ಬಿನ ಕೆಳಗೆ, ನಾನಿಲ್ಲದಾಗ. ನನ್ನ ಮುಂದೆ ಬರುತ್ತಿದ್ದದ್ದು ಗೈಡಿಂದಲೋ ಅಕ್ಕನಿಂದಲೋ ತುಂಬಿಸಿಕೊಂಡ ಪುಟ. ಅದನ್ನು ನಾನು ಕೆಂಪು ಪೆನ್ನಿನಿಂದ ತಿದ್ದಿ ಗುಡ್ ಅಂತ ಹಾಕುತ್ತಿದ್ದೆ.

ಆ ಓರೆ ಗೀಟಿನ ಹುಡುಗ ಕೂರೋದು ಕಿಟಕಿ ಪಕ್ಕ. ಹದಿನೈದು ನಿಮಿಷವಾದರೂ ‘ಡಿಯರ್ ಫಾದರ್’ ದಾಟಿರಲಿಲ್ಲ. ಪಕ್ಕ ಕೂತೆ. ಏನು ಬರೀಬೇಕು ಅಂತಿದೀಯ ಅಂದೆ. ತೆಲುಗಿನಲ್ಲಿ ಪಟಪಟ ಹೇಳಿದ. ಅವರಪ್ಪ ಮೇಕೆ ಮಾರೋಕೆ ಸಂತೆಗೆ ಹೋಗ್ತಾರೆ, ಬರುವಾಗ ಇವನಿಗೆ ಶೂ ತರಬೇಕು, ಅಳತೆ ಅವರಿಗೆ ಗೊತ್ತಿಲ್ಲ. ಎಷ್ಟು ಚೆನ್ನಾಗಿದೆ! ಬರಿ ಅಂದೆ. ಅವನು ಅದನ್ನು ಮೊದಲು ಕನ್ನಡಕ್ಕೆ ತಿರುಗಿಸಿಕೊಂಡ, ಆಮೇಲೆ ಇಂಗ್ಲಿಷಿಗೆ. ಎರಡು ಹೊಳೆ ದಾಟುವಷ್ಟರಲ್ಲಿ ಹೊತ್ತು ತಂದದ್ದು ನೀರಿಗೆ ಬಿದ್ದಿತ್ತು.

ಅವತ್ತು ತೋಚಿದ್ದು ಒಂದು ಉಪಾಯ. ಗೊತ್ತಿಲ್ಲದ ಪದದ ಜಾಗದಲ್ಲಿ ಚೌಕ ಹಾಕಿ ಒಳಗೆ ತೆಲುಗೋ ಕನ್ನಡವೋ ಬಂದದ್ದನ್ನು ಕನ್ನಡ ಅಕ್ಷರದಲ್ಲೇ ಬರಿ, ನಿಲ್ಲಬೇಡ, ಮುಂದೆ ಹೋಗು. ಚೌಕ ಆಮೇಲೆ ನೋಡೋಣ. ಅವನ ಪತ್ರದಲ್ಲಿ ಆರು ಚೌಕ ಬಂತು. ವ್ಯಾಕರಣ ಕೇಳಲೇಬೇಡಿ. ‘ಮೈ ಲೆಗ್ ಸೈಜ್ ಸೆವೆನ್. ಯು ಲಾಸ್ಟ್ ಟೈಮ್ ಫೈವ್ ಬ್ರಾಟ್.’ ಕ್ರಿಯಾಪದ ಕನ್ನಡದ ಹಾಗೆ ಕೊನೆಯಲ್ಲಿ ಹೋಗಿ ಕೂತಿತ್ತು. ಆದರೆ ಅದು ಪತ್ರ. ಓದಿದರೆ ಆ ಅಪ್ಪ ಈ ಸಲ ಸರಿಯಾದ ಶೂ ತರುತ್ತಾರೆ. ಆ ಚೌಕದ ಉಪಾಯವನ್ನು ರಾತ್ರಿ ಗ್ರೂಪಿಗೆ ಹಾಕಿದೆ. ಒಂದು ವಾರದಲ್ಲಿ ಮೂರೂ ಕಡೆ ಚೌಕ ಶುರುವಾಯ್ತು. ಕೊಪ್ಪಳ ಸರ್ ಅದಕ್ಕೆ ‘ಖೋಲಿ’, ಅಂದರೆ ಕೋಣೆ, ಅಂತ ಹೆಸರಿಟ್ಟರು.

ಎಲ್ಲ ಸುಸೂತ್ರವಾಗಿ ನಡೀತು ಅಂದುಕೊಳ್ಳಬೇಡಿ. ಕ್ಲಾಸಿನಲ್ಲಿ ಗದ್ದಲ. ಪಕ್ಕದ ರೂಮಿನ ಗಣಿತದವರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಹೆಡ್‌ಮಾಸ್ಟರು ಕರೆದು, ‘ಮೇಡಂ, ನೀವು ಪಾಠಾನೇ ಮಾಡ್ತಿಲ್ಲ ಅಂತ ಮಾತು ಬರ್ತಿದೆ’ ಅಂದರು. ನೋಟ್‌ಬುಕ್ ತೋರಿಸಿದೆ. ಹೊಡೆದು ಹಾಕಿದ್ದು, ಚೌಕ, ಬಾಣದ ಗುರುತು ನೋಡಿ ಅವರ ಮುಖ ಇನ್ನೂ ಸಣ್ಣದಾಯ್ತು. ತಪಾಸಣೆಗೆ ಯಾರಾದರೂ ಬಂದರೆ ಏನು ತೋರಿಸೋದು ಅಂತ ಅವರ ಚಿಂತೆ. ಅದೇನು ಸುಳ್ಳು ಚಿಂತೆಯಲ್ಲ. ಕೊನೆಗೆ ಎರಡು ನೋಟ್‌ಬುಕ್ ಇಡೋದು ಅಂತಾಯ್ತು. ಒಂದು ರಫ್, ಒಂದು ಫೇರ್. ಹತ್ತನೇ ಕ್ಲಾಸನ್ನು ಮುಟ್ಟಬೇಡಿ ಅಂದರು. ಒಪ್ಪಿಕೊಂಡೆ.

ತಿದ್ದುವ ಕೆಲಸವೂ ಹೆಗಲೇರಿತು. ಒಬ್ಬೊಬ್ಬರದು ಎರಡೆರಡು ಕರಡು. ಎಲ್ಲ ತಪ್ಪನ್ನೂ ಗುರುತು ಹಾಕಿದರೆ ಹಾಳೆ ಹಣೆಗೆ ಕುಂಕುಮ ಹಚ್ಚಿದ ಹಾಗೆ ಕೆಂಪಾಗುತ್ತೆ, ಮಗು ನೋಡೋದೂ ಇಲ್ಲ. ಈ ವಾರ ಭೂತಕಾಲದ ಕ್ರಿಯಾಪದ ಮಾತ್ರ, ಮುಂದಿನ ವಾರ ವಾಕ್ಯ ಎಲ್ಲಿ ಮುಗೀತು ಅನ್ನೋದು ಮಾತ್ರ ಅಂತ ನಾಲ್ವರೂ ಹಂಚಿಕೊಂಡೆವು. ಬೇರೆ ತಪ್ಪು ಕಣ್ಣಿಗೆ ಬಿದ್ದರೂ ಬಿಡೋದು. ಬಿಡೋದು ಎಷ್ಟು ಕಷ್ಟ ಅಂತ ಇಂಗ್ಲಿಷ್ ಮೇಷ್ಟ್ರಿಗೇ ಗೊತ್ತು. ಕೈ ತುರಿಸುತ್ತೆ.

ನವೆಂಬರಿನಲ್ಲಿ ಶಿರಸಿ ಮೇಡಂ ಒಂದು ಮಾತು ಎತ್ತಿದರು. ‘ಓದುವವರಿಗೆ ಗೊತ್ತಿಲ್ಲದ್ದು ಬರೀರಿ ಅಂತ ಹೇಳ್ತೇವೆ. ಓದೋದು ಯಾರು? ನಾವೇ. ನಮಗೆ ಎಲ್ಲ ಗೊತ್ತು ಅಂತ ಮಕ್ಕಳಿಗೂ ಗೊತ್ತು.’ ಹೌದಲ್ವಾ! ನಮ್ಮ ಮಕ್ಕಳು ಅವರ ಮಕ್ಕಳಿಗೆ ಬರೆದರೆ? ಪಾವಗಡದ ಮಗುವಿಗೆ ಅಡಿಕೆ ತೋಟ ಗೊತ್ತಿಲ್ಲ, ಶಿರಸಿಯ ಮಗುವಿಗೆ ನಮ್ಮ ಬಯಲು ಗೊತ್ತಿಲ್ಲ. ನಡುವೆ ಕನ್ನಡ ಇದ್ದೇ ಇದೆ, ಸುಮ್ನೆ ಕನ್ನಡದಲ್ಲೇ ಬರೆದುಕೊಳ್ಳಬಹುದಲ್ಲ ಅಂತ ಚಾಮರಾಜನಗರ ಸರ್ ನಕ್ಕರು. ಬರೆದುಕೊಳ್ಳಲಿ, ಅದಕ್ಕೇನು. ಆದರೆ ಈ ಪೀರಿಯಡ್‌ನಲ್ಲಿ ಇಂಗ್ಲಿಷ್ ಅಂತಾಯ್ತು. ಹೆಸರಿಲ್ಲದೆ ಪುಟದ ಫೋಟೋ ಮಾತ್ರ, ಶಾಲೆಯ ಟೀವಿಯಲ್ಲಿ ಹಾಕಿ ಓದೋದು.

ಮೊದಲ ಕಂತಿನಲ್ಲಿ ಶಿರಸಿಯಿಂದ ಬಂದ ಒಂದು ಪುಟದಲ್ಲಿ ‘ಕೊಟ್ಟೆ’ ಅಂತ ಚೌಕದೊಳಗೆ ಇತ್ತು. ‘ಬಿಫೋರ್ ರೇನ್ ಮೈ ಅಂಕಲ್ ಕ್ಲೈಂಬ್ ದಿ ಟ್ರೀ ಅಂಡ್ ಟೈ ಕೊಟ್ಟೆ.’ ನಮ್ಮ ಕ್ಲಾಸಿನಲ್ಲಿ ಹೋ ಅಂತ ನಗು. ತೆಲುಗಿನಲ್ಲಿ ಕೊಟ್ಟೆ ಅಂದರೆ ಹೊಡೆಯುವ ಅಂತ. ಮಾವ ಮರ ಹತ್ತಿ ಯಾರನ್ನು ಹೊಡೀತಾನೆ ಮಿಸ್? ಬರೆದು ಕೇಳಿ ಅಂದೆ. ಕೇಳಿದರು. ಉತ್ತರ ಬಂತು, ಜೊತೆಗೊಂದು ಚಿತ್ರ. ಅಡಿಕೆ ಗೊನೆಗೆ ಕೊಳೆರೋಗ ಬರದ ಹಾಗೆ ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತಾರಂತೆ, ಅದೇ ಕೊಟ್ಟೆ. ಮಳೆ ಜಾಸ್ತಿಯಾಗಿ ಬೆಳೆ ಹಾಳಾಗುತ್ತೆ ಅನ್ನೋದೇ ನಮ್ಮ ಮಕ್ಕಳಿಗೆ ನಂಬೋಕಾಗಲಿಲ್ಲ.

ನಮ್ಮ ಕಡೆಯಿಂದ ಹೋದದ್ದರಲ್ಲಿ ಒಂದು ಹುಡುಗಿಯ ಪುಟ ಇತ್ತು. ಅವಳ ಊರು ಸೋಲಾರ್ ಪಾರ್ಕಿನ ಒಳಗೆ ಬರುತ್ತೆ. ನೀವು ಕೇಳಿರಬಹುದು, ಐದು ಊರಿನ ಸುತ್ತ 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಜಮೀನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು. ಈ ಲೆಕ್ಕ ನಾವು ಹೇಳೋದು. ಅವಳು ಬರೆದದ್ದು ಬೇರೆ. ‘ಮೈ ಗ್ರಾಂಡ್‌ಫಾದರ್ ಲ್ಯಾಂಡ್ ಈಸ್ ನೌ ಗ್ಲಾಸ್.’ ತಾತನ ಹೊಲ ಈಗ ಗಾಜು. ಮುಂದಿನ ಸಾಲು: ‘ಫಸ್ಟ್ ಗ್ರೌಂಡ್‌ನಟ್. ನೌ ನೋ ರೈನ್ ಆಲ್ಸೋ ಮನಿ ಕಮ್.’

ಶಿರಸಿಯಿಂದ ಮೂರು ಪ್ರಶ್ನೆ ಬಂದವು. ಗಾಜಿನ ಕೆಳಗೆ ಹುಲ್ಲು ಬೆಳೆಯುತ್ತಾ? ಧೂಳು ಯಾರು ಒರೆಸ್ತಾರೆ? ನಿಮ್ಮ ತಾತ ಈಗ ದಿನಾ ಏನು ಮಾಡ್ತಾರೆ? ಮೊದಲೆರಡಕ್ಕೆ ಅವಳು ಅಲ್ಲೇ ಉತ್ತರ ಬರೆದಳು. ಮೂರನೆಯದಕ್ಕೆ ಎರಡು ದಿನ ತೆಗೆದುಕೊಂಡಳು. ನಾನೂ ಕೇಳಲಿಲ್ಲ. ಗುರುವಾರ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು ಹೋದಳು. ‘ಮಾರ್ನಿಂಗ್ ಹಿ ಗೋಸ್ ಟು ದಿ ಫೆನ್ಸ್. ಹಿ ಸ್ಟ್ಯಾಂಡ್ಸ್. ವಾಚ್‌ಮನ್ ಈಸ್ ಹಿಸ್ ಫ್ರೆಂಡ್. ದೆನ್ ಹಿ ಕಮ್ಸ್ ಹೋಮ್ ಅಂಡ್ ಆಸ್ಕ್ಸ್ ಟೀ.’ ಚೌಕ ಒಂದೂ ಇರಲಿಲ್ಲ. ‘ಆಸ್ಕ್ಸ್ ಟೀ’ ನಡುವೆ ಒಂದು ‘ಫಾರ್’ ಬೇಕಿತ್ತು. ಆ ವಾರದ ತಿದ್ದುಪಡಿ ಅದಲ್ಲ, ಬಿಟ್ಟೆ.

ಇದನ್ನು ಡಾಕ್‌ನಲ್ಲಿ ಹಾಕಿದೆ. ಯಾರೂ ಏನೂ ಟಿಪ್ಪಣಿ ಬರೆಯಲಿಲ್ಲ. ಶಿರಸಿ ಮೇಡಂ ಮಾತ್ರ ಆಮೇಲೆ ಹೇಳಿದರು, ಅವರ ಕ್ಲಾಸಿನಲ್ಲಿ ಅದನ್ನು ಓದಿದಾಗ ಒಬ್ಬ ಹುಡುಗ ತೆಂಗಿನ ಮರದಿಂದ ಬಿದ್ದು ಮನೆಯಲ್ಲೇ ಕೂತ ತನ್ನ ಅಜ್ಜನ ಬಗ್ಗೆ ಒಂದೂವರೆ ಪುಟ ಬರೆದನಂತೆ. ಅಲ್ಲಿಯವರೆಗೆ ನಾಲ್ಕು ಸಾಲು ದಾಟದ ಹುಡುಗ.

ಜನವರಿ ಬಂತು, ಕೋವಿಡ್ ಮತ್ತೆ ಸ್ವಲ್ಪ ಹೆದರಿಸಿತು. ಫೆಬ್ರವರಿಗೆ ಕೊಪ್ಪಳ ಸರ್ ಹತ್ತನೇ ಕ್ಲಾಸನ್ನು ಮಗುಚೋದು ನಿಲ್ಲಿಸಿದರು. ಮಾರ್ಚ್ 28ಕ್ಕೆ ಎಸ್ಎಸ್ಎಲ್‌ಸಿ, ಈ ಸಲ ಬರೆಯುವ ಪರೀಕ್ಷೆ. ಪತ್ರಕ್ಕೆ 5 ಅಂಕ, ಪ್ರಬಂಧಕ್ಕೆ 4. ಪಾಸಾಗೋದೇ ಕಷ್ಟ ಇರುವ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಡಲೇಬೇಕು: ಈ ಪತ್ರ, ಈ ಪ್ರಬಂಧ, ಬಾಯಿಪಾಠ ಮಾಡು. ಅವರು ಇದನ್ನು ಹೇಳುವಾಗ ಧ್ವನಿ ಸಣ್ಣದಾಗಿತ್ತು. ನಾನೇನೂ ಅನ್ನಲಿಲ್ಲ. ನನ್ನ ಹತ್ತನೇ ಕ್ಲಾಸಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆನಲ್ಲ. ‘ಐ ಆಮ್ ಫೈನ್ ಹಿಯರ್’ ಅಂತ ಬರೆದರೂ ಅರ್ಧ ಅಂಕ ಬರುತ್ತೆ. ಆ ಅರ್ಧ ಅಂಕದಿಂದ 35 ದಾಟಿದ ಮಗುವನ್ನು ನಾನು ನೋಡಿದ್ದೇನೆ. ಅದರ ಎದುರು ದೊಡ್ಡ ಮಾತು ಆಡೋಕೆ ನನಗೆ ಬಾಯಿ ಬರಲ್ಲ.

ಮುಂದಿನ ವರ್ಷ ಅದೇ ಮಕ್ಕಳು ನನ್ನ ಹತ್ತನೇ ಕ್ಲಾಸಿಗೆ ಬಂದರು. ವಾರಕ್ಕೊಂದು ಪೀರಿಯಡ್ ಮಾತ್ರ ಮಗುಚಿದೆ, ಹೆಡ್‌ಮಾಸ್ಟರಿಗೆ ಹೇಳಿಯೇ. ಓರೆ ಗೀಟಿನ ಹುಡುಗ ಅರ್ಧವಾರ್ಷಿಕದಲ್ಲಿ ಪತ್ರದ ಕೆಳಗೆ ಬರೀ ಕಿರಣ್ ಅಂತ ಸಹಿ ಹಾಕಿದ. ಪ್ರಶ್ನೆಯಲ್ಲಿ ಇದ್ದದ್ದೂ ಅಷ್ಟೇ ಅನ್ನಿ. ಆದರೆ ಒಳಗೆ ಎರಡು ಚೌಕ ಹಾಕಿದ್ದ, ಪರೀಕ್ಷೆ ಅನ್ನೋದು ಮರೆತು. ಒಂದರಲ್ಲಿ ‘ಸಂತೆ’ ಅಂತಿತ್ತು. ಅಂಕ ಕಳೆಯೋದೋ ಬೇಡವೋ ಅಂತ ರಾತ್ರಿ ಗ್ರೂಪಿನಲ್ಲಿ ಕೇಳಿದೆ. ಕೊಪ್ಪಳ ಸರ್ ಕಳೀರಿ ಅಂದರು. ಶಿರಸಿ ಮೇಡಂ ಬೇಡ ಅಂದರು. ಚಾಮರಾಜನಗರ ಸರ್ ಸಂತೆಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಕೇಳಿದರು. ಅದರ ಮೇಲೆ ಹನ್ನೊಂದು ಗಂಟೆಯವರೆಗೆ ವಾದ ನಡೀತು. ಮಾರ್ಕೆಟ್ ಅಂದರೆ ವಾರಕ್ಕೊಮ್ಮೆ ಅನ್ನೋದು ಬರಲ್ಲ, ಫೇರ್ ಅಂದರೆ ಜಾತ್ರೆ ಆಗುತ್ತೆ. ‘ವೀಕ್ಲಿ ಮಾರ್ಕೆಟ್’ ಅಂತ ಬರೆದು ಮುಗಿಸಿದೆವು. ಯಾರಿಗೂ ಸಮಾಧಾನ ಆಗಲಿಲ್ಲ. ನಾನು ಅಂಕ ಕಳೆಯಲಿಲ್ಲ.